ತಜ್ಞರ ಉತ್ತರ: ಹತ್ತು ಇದ್ದದ್ದು 500 ಆಯಿತು, ಗುಲಾಬಿ ಪಾರಿವಾಳದ ಚಿಂತೆ ಯಾಕೆ ಮುಗಿದಿಲ್ಲ?

ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರ ಪ್ರಶ್ನೆ:

"ಮಗಳು, ಅಳಿಯ ಮಾರಿಷಸ್‌ನಲ್ಲಿ ಕೆಲಸದಲ್ಲಿದ್ದಾರೆ. ಹೋದ ರಜೆಯಲ್ಲಿ ನಮ್ಮನ್ನು ಇಲ್ ಓಜೆಗ್ರೆಟ್ ಅನ್ನೋ ಪುಟ್ಟ ದ್ವೀಪಕ್ಕೆ ದೋಣಿಯಲ್ಲಿ ಕರೆದುಕೊಂಡು ಹೋಗಿದ್ದರು. ಅಲ್ಲಿ ಗುಲಾಬಿ ಬಣ್ಣದ ಪಾರಿವಾಳ ನೋಡಿದೆವು. 1991ರಲ್ಲಿ ಇಡೀ ಪ್ರಪಂಚದ ಕಾಡಲ್ಲಿ ಹತ್ತು ಉಳಿದಿದ್ದವಂತೆ, ಈಗ 500ರ ಹತ್ತಿರ ಇವೆಯಂತೆ. ಗೈಡ್ ತುಂಬಾ ಹೆಮ್ಮೆಯಿಂದ ಹೇಳಿದ. ಆದರೆ ಪ್ರತಿ ಹಕ್ಕಿಯ ಕಾಲಿಗೂ ಬಣ್ಣದ ಬಳೆ. ಡಬ್ಬಿಯಲ್ಲಿ ಕಾಳು ಇಟ್ಟಿದ್ದರು. ಒಬ್ಬ ಹುಡುಗಿ ಒಂದು ಹಕ್ಕಿಯನ್ನು ಹಿಡಿದು, ಬಾಯಿ ತೆರೆಸಿ, ಹತ್ತಿಯ ಕಡ್ಡಿ ಒಳಗೆ ಹಾಕಿ ತೆಗೆದಳು. 'ಇಷ್ಟು ಮುದ್ದು ಮಾಡಿದರೆ ಅದು ಕಾಡಿನ ಹಕ್ಕಿ ಹೇಗಾಗುತ್ತೆ, ಸುಮ್ನೆ ಬಿಟ್ಟುಬಿಡಬೇಕು' ಅಂದರು ಅಳಿಯ. ಊರಿಗೆ ಬಂದ ಮೇಲೆ ಓದಿದರೆ, ಇನ್ನು 50ರಿಂದ 100 ವರ್ಷದಲ್ಲಿ ಈ ಹಕ್ಕಿ ಇಲ್ಲವಾಗಬಹುದು ಅಂತ ಇತ್ತು. ಯಾವುದು ನಿಜ? ನಮ್ಮ ಅಪಾರ್ಟ್‌ಮೆಂಟಲ್ಲಿ ಪಾರಿವಾಳ ಬರಬಾರದು ಅಂತ ಬಲೆ ಕಟ್ಟಿಸಿದ್ದೇವೆ. ಪಾರಿವಾಳ ಕೂಡ ಅಳಿಯುತ್ತದೆಯೇ? ಇನ್ನೊಂದು ವಿಷಯ. ನಾನು ಮೊದಲಿಂದ ತಾರಸಿಯಲ್ಲಿ ಹಕ್ಕಿಗಳಿಗೆ ಕಾಳು, ನೀರು ಇಡುತ್ತೇನೆ. ಅದೂ ತಪ್ಪೇ?"

ಗೈಡ್ ಹೇಳಿದ್ದೂ ನಿಜ, ನೀವು ಆಮೇಲೆ ಓದಿದ್ದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ ಅನ್ನೋದೇ ನಿಮ್ಮ ಗೊಂದಲ, ಅಲ್ವಾ? ನಾನು ಹಕ್ಕಿಗಳ ವೈದ್ಯ. ಓದು ಮುಗಿಸಿದ ಹೊಸದರಲ್ಲಿ ಕೆಲವು ತಿಂಗಳು ಮಾರಿಷಸ್‌ನ ಕಾಡಲ್ಲಿ ಈ ಪಾರಿವಾಳದ ಗೂಡು ಕಾಯುವ ಕೆಲಸ ಮಾಡಿದ್ದೆ. ನೀವು ನೋಡಿದ ಆ ಹುಡುಗಿಯ ಕೆಲಸವನ್ನೇ ನಾನೂ ಮಾಡಿದ್ದೇನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲು ನಿಮ್ಮ ಬಾಲ್ಕನಿಯ ಪಾರಿವಾಳ. ಅದರ ಪೂರ್ವಿಕರು ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುತ್ತಿದ್ದವು. ಅವುಗಳ ಕಣ್ಣಿಗೆ ನಿಮ್ಮ ಅಪಾರ್ಟ್‌ಮೆಂಟೂ ಒಂದು ಬಂಡೆಯೇ. ಬಿದ್ದ ಕಾಳು ಯಾವುದಾದರೂ ಆದೀತು. ಕಾಡು ಪಾರಿವಾಳಗಳ ಬದುಕು ಹಾಗಲ್ಲ. ಅವಕ್ಕೆ ಮರ ಬೇಕು. ಆ ಮರದ ಚಿಗುರು, ಮೊಗ್ಗು, ಹೂವು, ಹಣ್ಣು ಬೇಕು. ನಮ್ಮ ಪಶ್ಚಿಮ ಘಟ್ಟದಲ್ಲೇ ನೀಲಗಿರಿ ಕಾಡು ಪಾರಿವಾಳ ಅಂತ ಒಂದಿದೆ. ಕೊಡಗಿನ ಶೋಲಾ ಕಾಡಲ್ಲಿ, ನಂದಿ ಬೆಟ್ಟದ ಮೇಲಿನ ಮರಗಳಲ್ಲಿ ಸಿಗುತ್ತದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ 'ಕೆಂಪು ಪಟ್ಟಿ'ಯಲ್ಲಿ ಗುಲಾಬಿ ಪಾರಿವಾಳ ಯಾವ ಹಂತದಲ್ಲಿದೆಯೋ ಅದೂ ಅದೇ ಹಂತದಲ್ಲಿದೆ. ಎರಡಕ್ಕೂ 'ಪಾರಿವಾಳ' ಅನ್ನೋ ಹೆಸರೇ ಶತ್ರು. ಪಾರಿವಾಳಕ್ಕೇನು ಬರ, ಬೇಕಾದಷ್ಟಿವೆ ಅಂತ ಜನ ಸುಮ್ಮನಾಗುತ್ತಾರೆ. ಇನ್ನೊಂದು ನೆನಪಿಡಿ. ಅದೇ ಮಾರಿಷಸ್‌ನಲ್ಲಿದ್ದ ಡೋಡೋ ಕೂಡ ಪಾರಿವಾಳದ ಕುಲದ್ದೇ. ಅದು 17ನೇ ಶತಮಾನದಲ್ಲಿ ಹೋಯಿತು. ನೀಲಿ ಪಾರಿವಾಳವೊಂದಿತ್ತು, ಅದು 19ನೇ ಶತಮಾನದಲ್ಲಿ ಹೋಯಿತು. ಪಕ್ಕದ ರಿಯೂನಿಯನ್ ದ್ವೀಪದಲ್ಲಿದ್ದ ಗುಲಾಬಿ ಪಾರಿವಾಳವೂ ಹೋಯಿತು. ಆ ಸುತ್ತಲಿನ ದ್ವೀಪಗಳಿಗೇ ಮೀಸಲಾದ ಪಾರಿವಾಳಗಳಲ್ಲಿ ಉಳಿದಿರುವುದು ನೀವು ನೋಡಿದ್ದೊಂದೇ.

ಅದು ಹತ್ತಕ್ಕೆ ಇಳಿದದ್ದು ಹೇಗೆ? ಬೇಟೆಯೇ ಕಾರಣ ಅಂದುಕೊಳ್ಳುವವರು ಜಾಸ್ತಿ. ಬೇಟೆಯೂ ಇತ್ತು. ಆದರೆ ಮುಖ್ಯ ಪೆಟ್ಟು ಬಿದ್ದದ್ದು ಕಾಡಿಗೆ. ಮಾರಿಷಸ್ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಚಿಕ್ಕದು. ಕಬ್ಬಿಗೆ, ಚಹಾಕ್ಕೆ, ಸೌದೆಗೆ ಅಂತ ಕಡಿದು ಕಡಿದು, ಈಗ ಅಲ್ಲಿ ಒಳ್ಳೆಯ ಸ್ಥಿತಿಯಲ್ಲಿರುವ ಮೂಲ ಕಾಡು ನೂರಕ್ಕೆ ಎರಡು ಪಾಲೂ ಇಲ್ಲ. ಉಳಿದ ಕಾಡಿನೊಳಗೆ ಬ್ರೆಜಿಲ್‌ನಿಂದ ತಂದ ಕೆಂಪು ಸೀಬೆಯ ಗಿಡ ನುಗ್ಗಿದೆ. ನಮ್ಮ ಬಂಡೀಪುರದಲ್ಲಿ ಲಂಟಾನ ಹೇಗೋ ಹಾಗೆ, ಒತ್ತೊತ್ತಾಗಿ, ಕೆಳಗೆ ಬೇರೆ ಸಸಿ ಏಳದ ಹಾಗೆ. ಆ ಸೀಬೆ ಹಣ್ಣು ತಿಂದು ಬೀಜ ಹರಡುವವರಲ್ಲಿ ನಮ್ಮ ಊರಿನ ಪಿಕಳಾರ ಹಕ್ಕಿಯೂ ಇದೆ. 19ನೇ ಶತಮಾನದ ಕೊನೆಗೆ ಅದನ್ನು ಯಾರೋ ಪಂಜರದಲ್ಲಿ ಅಲ್ಲಿಗೆ ಒಯ್ದಿದ್ದರು.

ಇದರ ಜೊತೆಗೆ ಹೊರಗಿನಿಂದ ಬಂದ ಪ್ರಾಣಿಗಳು. ಹಡಗಲ್ಲಿ ಇಲಿ ಬಂತು, ಬೆಕ್ಕು ಬಂತು. ಏಷ್ಯಾದ ಪೂರ್ವ ದ್ವೀಪಗಳಿಂದ ಕೋತಿ ಬಂತು. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ 1900ರ ಹೊತ್ತಿಗೆ ಭಾರತದಿಂದ ಮುಂಗುಸಿ ತರಿಸಿದರು. ಮುಂಗುಸಿಗೆ ಇಲಿಗಿಂತ ನೆಲದ ಹಕ್ಕಿ, ಮರಿ ಸಿಗುವುದು ಸುಲಭವಾಯಿತು. ಗುಲಾಬಿ ಪಾರಿವಾಳ ಕಡ್ಡಿ ಜೋಡಿಸಿ ಕಟ್ಟುವ ಗೂಡು ಎಷ್ಟು ತೆಳು ಅಂದರೆ, ಕೆಳಗೆ ನಿಂತು ನೋಡಿದರೆ ಕೆಲವೊಮ್ಮೆ ಮೊಟ್ಟೆಯ ಬಿಳುಪು ಕಾಣುತ್ತದೆ. ಸಾಮಾನ್ಯವಾಗಿ ಎರಡೇ ಮೊಟ್ಟೆ. ನಾನು ಮೂರು ವಾರ ಕಾದ ಒಂದು ಗೂಡಿತ್ತು. ಒಂದು ಬೆಳಿಗ್ಗೆ ಹೋದರೆ ಮೊಟ್ಟೆಯ ಚೂರು, ಇಲಿಯ ಹಲ್ಲಿನ ಗುರುತು, ಪಕ್ಕದ ಕೊಂಬೆಯಲ್ಲಿ ಗಂಡು ಹಕ್ಕಿ ಇನ್ನೂ ಕೂತಿತ್ತು. ಕಾವು ಕೊಡುವ ತನ್ನ ಸರದಿಗೆ ಬಂದಿತ್ತು.

ಇದೆಲ್ಲ ಸಾಲದು ಅಂತ ಚಂಡಮಾರುತಗಳು. 1960ರಲ್ಲಿ ಕ್ಯಾರಲ್, 1975ರಲ್ಲಿ ಜರ್ವೇಸ್. ಚಂಡಮಾರುತ ಹಕ್ಕಿಯನ್ನು ಹೊಡೆದು ಬೀಳಿಸುವುದಕ್ಕಿಂತ, ಆಮೇಲೆ ಹಸಿವಿನಿಂದ ಕೊಲ್ಲುವುದೇ ಹೆಚ್ಚು. ಮರದಲ್ಲಿ ಒಂದು ಎಲೆ, ಒಂದು ಹೂವು ಉಳಿದಿರುವುದಿಲ್ಲ. ದೊಡ್ಡ ಕಾಡಿದ್ದರೆ ಹಕ್ಕಿ ಇನ್ನೊಂದು ಮಗ್ಗುಲಿಗೆ ಹಾರುತ್ತದೆ. ಇಲ್ಲಿ ಇನ್ನೊಂದು ಮಗ್ಗುಲೇ ಇಲ್ಲ.

ಕೊನೆಗೆ ಉಳಿದ ಆ ಹಕ್ಕಿಗಳು ಗೂಡು ಕಟ್ಟುತ್ತಿದ್ದದ್ದು ಎಲ್ಲಿ ಗೊತ್ತೇ? ಹೊರಗಿಂದ ತಂದು ನೆಟ್ಟ ಜಪಾನಿ ಸೀಡರ್ ಮರಗಳ ಒಂದು ಪುಟ್ಟ ತೋಪಿನಲ್ಲಿ. ಆ ಮರದ ಎಲೆ ಚುಚ್ಚುತ್ತದೆ, ದಟ್ಟವಾಗಿರುತ್ತದೆ. ಕೋತಿ, ಇಲಿ ಹತ್ತಲು ಹಿಂದೆಮುಂದೆ ನೋಡುತ್ತವೆ. ಹೊರಗಿನ ಮರ ಎಲ್ಲವೂ ಕೆಟ್ಟದ್ದು ಅಂತ ನಾನು ಅಂದುಕೊಂಡಿದ್ದೆ. ಆ ತೋಪಿನಲ್ಲಿ ನಿಂತ ಮೇಲೆ ಹಾಗೆ ಸಾರಾಸಗಟಾಗಿ ಹೇಳುವುದನ್ನು ಬಿಟ್ಟೆ.

ಈಗ ನಿಮ್ಮ ಅಳಿಯನ ಮಾತಿಗೆ ಬರೋಣ. ಸುಮ್ನೆ ಬಿಟ್ಟುಬಿಡಿ ಅನ್ನೋದು ಕೇಳಲು ಚೆನ್ನಾಗಿದೆ. 1970ರ ದಶಕದಲ್ಲೂ ಹಾಗೆ ಹೇಳಿದವರಿದ್ದರು. 1976ರಲ್ಲಿ ಬ್ರಿಟಿಷ್ ಲೇಖಕ, ವನ್ಯಜೀವಿ ಸಂರಕ್ಷಕ ಜೆರಾಲ್ಡ್ ಡರೆಲ್ ಮಾರಿಷಸ್‌ಗೆ ಬಂದು ಕೆಲವು ಹಕ್ಕಿಗಳನ್ನು ಹಿಡಿದು ಸಾಕಿ ಮರಿ ಮಾಡಿಸುವ ಕೆಲಸಕ್ಕೆ ಕೈಹಾಕಿದರು. ಕೆಲವು ಅಲ್ಲೇ ಬ್ಲ್ಯಾಕ್ ರಿವರ್‌ನಲ್ಲಿ, ಕೆಲವು ಬ್ರಿಟನ್ ಹತ್ತಿರದ ಜರ್ಸಿ ದ್ವೀಪದ ಅವರ ಮೃಗಾಲಯದಲ್ಲಿ. 1979ರಲ್ಲಿ ಜೀವಶಾಸ್ತ್ರಜ್ಞ ಕಾರ್ಲ್ ಜೋನ್ಸ್ ಬಂದು ಆ ಕೆಲಸವನ್ನು ದಶಕಗಳ ಕಾಲ ಹೊತ್ತರು. ಶುರುವಿನಲ್ಲಿ ಸಾಕಿದ ಜೋಡಿಗಳು ಮೊಟ್ಟೆಗೆ ಸರಿಯಾಗಿ ಕಾವು ಕೊಡುತ್ತಿರಲಿಲ್ಲ, ಮರಿಗೆ ಉಣಿಸುತ್ತಿರಲಿಲ್ಲ. ಆಗ ಸಾಕು ಬೆಳವಗಳ ಗೂಡಿನಲ್ಲಿ ಮೊಟ್ಟೆ ಇಟ್ಟು ಮರಿ ಬೆಳೆಸಿದರು. 1987ರಿಂದ ಹಕ್ಕಿಗಳನ್ನು ಕಾಡಿಗೆ ಬಿಡಲು ಶುರು ಮಾಡಿದರು. 1994ರಲ್ಲಿ ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನವಾಯಿತು. ಅದೇ ಹೊತ್ತಿಗೆ ನೀವು ನೋಡಿದ ದ್ವೀಪಕ್ಕೂ ಹಕ್ಕಿ ಬಂತು. 26 ಹೆಕ್ಟೇರಿನ ಹವಳದ ತುಂಡು ಅದು. ಹಕ್ಕಿ ಬಿಡುವ ಮೊದಲೇ ಅಲ್ಲಿನ ಇಲಿಗಳನ್ನು ಪೂರ್ತಿ ತೆಗೆದಿದ್ದರು. ಕೆಂಪು ಪಟ್ಟಿಯಲ್ಲಿ ಇದು 2000ದಲ್ಲಿ 'ಅತಿ ಗಂಭೀರ'ದಿಂದ ಒಂದು ಮೆಟ್ಟಿಲು ಇಳಿಯಿತು, 2018ರಲ್ಲಿ ಇನ್ನೊಂದು. ಈಗ ಅದು 'ದುರ್ಬಲ' ಹಂತದಲ್ಲಿದೆ. ಅಪಾಯದ ಪಟ್ಟಿಯಿಂದ ಹೊರಗೆ ಬಂದಿದೆ ಅಂತ ಇದರ ಅರ್ಥ ಅಲ್ಲ. ಐಸಿಯುನಿಂದ ವಾರ್ಡಿಗೆ ತಂದಿದ್ದಾರೆ, ಡ್ರಿಪ್ ಇನ್ನೂ ತೆಗೆದಿಲ್ಲ.

ಡ್ರಿಪ್ ಅಂದೆನಲ್ಲ, ಆ ಕಾಳಿನ ಡಬ್ಬಿಯೇ ಅದು. ಕಾಡಲ್ಲಿ ವರ್ಷಪೂರ್ತಿ ಹೂವು ಹಣ್ಣು ಇಲ್ಲದ ಕಾರಣ ಗೋಧಿ, ಜೋಳದ ನುಚ್ಚು ಇಡುತ್ತಾರೆ. ಹೊಟ್ಟೆ ತುಂಬಿದ ಜೋಡಿ ಮತ್ತೆ ಮತ್ತೆ ಗೂಡು ಕಟ್ಟುತ್ತದೆ, ಇಲಿ ಒಂದು ಗೂಡು ಕೆಡಿಸಿದರೂ ಇನ್ನೊಂದಕ್ಕೆ ತಯಾರಾಗುತ್ತದೆ. ಆದರೆ ಡಬ್ಬಿಗೆ ಒಂದು ಕೆಟ್ಟ ಗುಣವಿದೆ. ಚದುರಿ ಬದುಕಬೇಕಾದ ಹಕ್ಕಿಗಳನ್ನು ಅದು ಒಂದೇ ಕಡೆ ಸೇರಿಸುತ್ತದೆ. ನಮ್ಮೂರಿನ ಚುಕ್ಕೆ ಬೆಳವ, ಮಡಗಾಸ್ಕರ್ ಬೆಳವ ಕೂಡ ಅಲ್ಲಿಗೆ ಬಂದು ತಿನ್ನುತ್ತವೆ. ಅವುಗಳ ಬಾಯಲ್ಲಿ ಟ್ರೈಕೊಮೊನಾಸ್ ಅನ್ನೋ ಒಂದು ಸೂಕ್ಷ್ಮಜೀವಿ ಇರುತ್ತದೆ.

ನೀವು ನೋಡಿದ ಹತ್ತಿಯ ಕಡ್ಡಿ ಅದಕ್ಕೇ. ನಮ್ಮಲ್ಲಿ ಪಾರಿವಾಳ ಸಾಕುವವರು ಇದನ್ನು ಕ್ಯಾಂಕರ್ ಅನ್ನುತ್ತಾರೆ. ಈಗಲೂ ನನ್ನ ಹತ್ತಿರ ವಾರಕ್ಕೊಂದಾದರೂ ಇಂಥ ಹಕ್ಕಿ ಬರುತ್ತದೆ. ಕೊಕ್ಕು ಬಿಡಿಸಿ ಟಾರ್ಚ್ ಹಾಕಿದರೆ ಗಂಟಲಲ್ಲಿ ಹಳದಿ ಗಂಟು ಕಾಣುತ್ತದೆ, ಒಡೆದ ಹಾಲಿನ ಗಸಿಯ ಹಾಗೆ. ಕೆಟ್ಟ ವಾಸನೆ. ಮರಿಯಾದರೆ ಕಾಳು ನುಂಗಲಾಗದೆ, ಕೆಲವೊಮ್ಮೆ ಉಸಿರೇ ಕಟ್ಟಿ ಸಾಯುತ್ತದೆ. ದೊಡ್ಡ ಹಕ್ಕಿ ಹೊರಗೆ ಆರೋಗ್ಯವಾಗಿ ಕಂಡರೂ ಇದನ್ನು ಹೊತ್ತಿರಬಹುದು. ಪಾರಿವಾಳಗಳು ಮರಿಗೆ ಮೊದಲ ದಿನಗಳಲ್ಲಿ ಮೇವುಚೀಲದಿಂದ ಹಾಲಿನಂಥ ಆಹಾರ ಕಕ್ಕಿ ಉಣಿಸುತ್ತವೆ. ಅಪ್ಪ ಅಮ್ಮ ಉಣಿಸುವ ಆ ಮೊದಲ ತುತ್ತಿನ ಜೊತೆಗೇ ರೋಗವೂ ಮರಿಗೆ ಹೋಗುತ್ತದೆ. ಗುಲಾಬಿ ಪಾರಿವಾಳದ ಮರಿಗಳು ಸಾಯಲು ದೊಡ್ಡ ಕಾರಣಗಳಲ್ಲಿ ಇದೊಂದು. ಸರಿಯಾದ ಸಮಯಕ್ಕೆ ಕಂಡರೆ ಮಾತ್ರೆ ಇದೆ. ಕಾಣಬೇಕಾದರೆ ಬಾಯಿ ತೆರೆಸಲೇಬೇಕು. ಕಾಲಿನ ಬಳೆಯೂ ಇದಕ್ಕೇ ಬೇಕು. ಯಾವ ಹಕ್ಕಿಗೆ ಯಾವಾಗ ಔಷಧಿ ಕೊಟ್ಟೆವು, ಅದರ ಅಪ್ಪ ಅಮ್ಮ ಯಾರು, ಯಾವ ಗೂಡಲ್ಲಿ ಹುಟ್ಟಿತು, ಎಲ್ಲ ಆ ಬಣ್ಣಗಳ ಜೋಡಣೆಯಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಕಾಳು, ಔಷಧಿ, ಇಲಿ ಬೋನು, ಇಷ್ಟಿದ್ದರೆ ಸಾಕೇ? ಸಾಲದು. ನೀವು ಓದಿದ 50ರಿಂದ 100 ವರ್ಷದ ಮಾತು ಬಂದದ್ದು ಇಲ್ಲಿಂದ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪಾರಿವಾಳಗಳ ವಂಶವಾಹಿಗಳನ್ನು ಕೂಲಂಕಷವಾಗಿ ನೋಡಿತು. ಹೊರಗಿನಿಂದ ಹೊಸ ರಕ್ತ ಬರದಿದ್ದರೆ ಕಾಡಿನ ಈ ಸಂತತಿ ಅಷ್ಟು ವರ್ಷದೊಳಗೆ ಅಳಿಯಬಹುದು ಅಂತ ಅದರ ಲೆಕ್ಕಾಚಾರ.

ಇದು ನಮಗೆ ಅರ್ಥವಾಗದ ವಿಷಯವೇನಲ್ಲ. ನಮ್ಮ ಕಡೆ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ಪದ್ಧತಿ ಇತ್ತು, ಇನ್ನೂ ಇದೆ. ಮಗುವಿಗೆ ಹುಟ್ಟಿನಿಂದ ತೊಂದರೆ ಅಂತ ಆಸ್ಪತ್ರೆಗೆ ಹೋದರೆ ಡಾಕ್ಟರ್ ಮೊದಲು ಕೇಳುವುದೇ, 'ಸಂಬಂಧದಲ್ಲಿ ಮದುವೆಯಾ?' ಅಂತ. ಯಾಕೆ? ಪ್ರತಿಯೊಬ್ಬರ ರಕ್ತದಲ್ಲೂ ಒಂದಿಷ್ಟು ದೋಷ ಅಡಗಿರುತ್ತದೆ. ಅಪ್ಪನಿಂದ ಬಂದ ಪ್ರತಿ ಕೆಟ್ಟಿದ್ದರೆ ಅಮ್ಮನಿಂದ ಬಂದ ಒಳ್ಳೆಯ ಪ್ರತಿ ಕೆಲಸ ಮಾಡುತ್ತದೆ. ಇಬ್ಬರೂ ಒಂದೇ ಮನೆಯವರಾದರೆ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಬರುವ ಸಾಧ್ಯತೆ ಹೆಚ್ಚು. ಮನುಷ್ಯರಿಗೆ ಬೇರೆ ಊರಲ್ಲಿ ಸಂಬಂಧ ನೋಡಬಹುದು. ಈ ಪಾರಿವಾಳಗಳಿಗೆ ಬೇರೆ ಊರೇ ಇಲ್ಲ. ಇವತ್ತಿನ 500 ಹಕ್ಕಿಗಳೂ ಬೆರಳಲ್ಲಿ ಎಣಿಸಬಹುದಾದ ಕೆಲವೇ ಹಕ್ಕಿಗಳ ಮೊಮ್ಮಕ್ಕಳು, ಮರಿಮಕ್ಕಳು. ಪೂರ್ತಿ ಒಂದೇ ಕುಟುಂಬ.

ಇದರ ಫಲ ಗೂಡಿನಲ್ಲಿ ಕಾಣುತ್ತದೆ. ಮೊಟ್ಟೆ ಇರುತ್ತದೆ, ಒಡೆಯುವುದಿಲ್ಲ. ಒಡೆದರೆ ಮರಿ ದುರ್ಬಲ. ನಾವು ಹಕ್ಕಿಯ ಸಂಖ್ಯೆ ಹೆಚ್ಚಿಸಬಹುದು. ಆದರೆ ಹತ್ತಕ್ಕೆ ಇಳಿದಾಗ ಕಳೆದುಹೋದ ವೈವಿಧ್ಯ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಅಷ್ಟೇ ಅಲ್ಲ, ಅದು ಪ್ರತಿ ತಲೆಮಾರಿಗೂ ಇನ್ನಷ್ಟು ಕರಗುತ್ತಾ ಹೋಗುತ್ತದೆ. ಅಜ್ಜನ ಕಾಲದ ಸಾಲಕ್ಕೆ ಮೊಮ್ಮಕ್ಕಳು ಬಡ್ಡಿ ಕಟ್ಟಿದ ಹಾಗೆ. ಗೈಡ್ ಹೇಳಿದ್ದು ತಲೆಗಳ ಲೆಕ್ಕ, ನೀವು ಓದಿದ್ದು ಈ ಸಾಲದ ಲೆಕ್ಕ.

ಮುಂದೇನು ಮಾಡಬಹುದು? ನನಗೆ ಹೆಚ್ಚು ಭರವಸೆ ಇರುವುದು ಮೃಗಾಲಯದ ಹಕ್ಕಿಗಳ ಮೇಲೆ. ಹಿಂದೆ ಜರ್ಸಿಗೆ, ಅಲ್ಲಿಂದ ಬೇರೆ ಮೃಗಾಲಯಗಳಿಗೆ ಹೋದ ಹಕ್ಕಿಗಳ ಸಂತಾನದಲ್ಲಿ, ಕಾಡಿನಲ್ಲಿ ಈಗಾಗಲೇ ಅಳಿಸಿಹೋದ ಕೆಲವು ಗುಣಗಳು ಉಳಿದಿವೆ. ಅವನ್ನು ತಂದು ಕಾಡಿನ ಹಕ್ಕಿಗಳ ಜೊತೆ ಸೇರಿಸಿದರೆ ಆ ಗುಣ ವಾಪಸ್ ಬರುತ್ತದೆ. ಕೇಳಲು ಸುಲಭ. ಒಬ್ಬ ವೈದ್ಯನಾಗಿ ನನಗೆ ಇದರಲ್ಲೇ ಹೆದರಿಕೆಯೂ ಜಾಸ್ತಿ. ಯುರೋಪಿನ ಪಂಜರದಿಂದ ಬರುವ ಹಕ್ಕಿಯ ಜೊತೆ ಅಲ್ಲಿನ ರೋಗವೂ ಬರಬಹುದು. ಒಂದು ಹೊಸ ವೈರಸ್ ಸಾಕು, ದಶಕಗಳ ಕೆಲಸ ಒಂದು ಮಳೆಗಾಲದಲ್ಲಿ ಮುಗಿದುಹೋಗಲು. ಆದ್ದರಿಂದ ಪ್ರತ್ಯೇಕ ಇಟ್ಟು ನೋಡಬೇಕು, ಪದೇ ಪದೇ ಪರೀಕ್ಷೆ ಮಾಡಬೇಕು. ಪಂಜರದಲ್ಲೇ ತಲೆಮಾರು ಕಳೆದ ಹಕ್ಕಿಗೆ ಮುಂಗುಸಿ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಹಾಗಾಗಿ ಅದನ್ನೇ ನೇರ ಕಾಡಿಗೆ ಬಿಡುವ ಬದಲು ಅದರ ಮರಿಗಳನ್ನು ಅಲ್ಲಿನ ವಾತಾವರಣದಲ್ಲೇ ಬೆಳೆಸಿ ಬಿಡುವುದು ಮೇಲು. ಅದೂ ಅಲ್ಲದೆ ಮೃಗಾಲಯದ ಹಕ್ಕಿಗಳಲ್ಲೂ ತಮ್ಮದೇ ದೋಷ ಇರುತ್ತದೆ. ಯಾವುದನ್ನು ತರಬೇಕು ಅಂತ ವಂಶವಾಹಿ ನೋಡಿಯೇ ಆರಿಸಬೇಕು.

ಎರಡನೆಯ ದಾರಿ ಒಂದೇ ಬುಟ್ಟಿಯ ಭಾರವನ್ನು ಹಂಚುವುದು. ಈಗಾಗಲೇ ಹಕ್ಕಿಗಳು ರಾಷ್ಟ್ರೀಯ ಉದ್ಯಾನದ ಹಲವು ಕಡೆ ಇವೆ, ಶಮಾರೆಲ್ ಹತ್ತಿರದ ಎಬೊನಿ ಕಾಡಲ್ಲೂ, ಪೂರ್ವದ ಫೆರ್ನೆ ಕಣಿವೆಯಲ್ಲೂ ಬಿಟ್ಟಿದ್ದಾರೆ. ಒಂದೇ ಜಾಗ ನಂಬಿಕೊಂಡರೆ ಏನಾಗುತ್ತದೆ ಅನ್ನೋದು 2020ರಲ್ಲಿ ಕಂಡಿತು. ವಾಕಾಶಿಯೊ ಹಡಗು ಹವಳದ ದಂಡೆಗೆ ಬಡಿದು ಸೋರಿದ ಎಣ್ಣೆ ನೀವು ಹೋಗಿದ್ದ ದ್ವೀಪದ ದಡಕ್ಕೇ ಬಂತು. ಸಸಿ, ಹಲ್ಲಿಗಳನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಆದರೆ ಚಿಕ್ಕ ಚಿಕ್ಕ ಗುಂಪುಗಳಾಗಿ ಹಂಚಿದರೆ ಪ್ರತಿ ಗುಂಪಿನಲ್ಲೂ ಒಳಸಂಬಂಧ ಹೆಚ್ಚುತ್ತದೆ. ಅದಕ್ಕೆ ಆಗಾಗ ಕೆಲವು ಹಕ್ಕಿಗಳನ್ನು ಇಲ್ಲಿಂದ ಅಲ್ಲಿಗೆ ಬದಲಾಯಿಸುತ್ತಿರಬೇಕು, ಹೆಣ್ಣು ಕೊಟ್ಟು ತಂದ ಹಾಗೆ.

ಮೂರನೆಯದು ಕಾಡು. ಸೀಬೆ ಕಿತ್ತು, ಮೂಲ ಮರ ನೆಟ್ಟು, ಮತ್ತೆ ಮೊಳೆತ ಸೀಬೆಯನ್ನು ಮತ್ತೆ ಕಿತ್ತು. ನಿಧಾನದ ಕೆಲಸ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಅದಕ್ಕೆ ಹಣ ಹೊಂದಿಸುವುದೂ ಕಷ್ಟ. ಆದರೆ ಕಾಳಿನ ಡಬ್ಬಿ ತೆಗೆಯುವ ದಿನ ಬರಬೇಕಾದರೆ ಇದೊಂದೇ ದಾರಿ. ನಿಮ್ಮ ಅಳಿಯ ಬಯಸಿದ್ದೂ ಆ ದಿನವನ್ನೇ. ಅವರ ಆಸೆ ಸರಿಯಾಗಿದೆ. ಇವತ್ತೇ ಕೈಬಿಟ್ಟರೆ ಮಾತ್ರ ಆ ದಿನದವರೆಗೆ ಹಕ್ಕಿ ಉಳಿಯುವುದಿಲ್ಲ.

ಇನ್ನು ನಿಮ್ಮ ತಾರಸಿ. ಕಾಳು ಇಡುವುದು ಪಾಪ ಅಂತ ನಾನು ಹೇಳುವುದಿಲ್ಲ. ಆದರೆ ರಾಶಿ ಸುರಿಯಬೇಡಿ. ಸುರಿದರೆ ಬರುವುದು ಗುಬ್ಬಚ್ಚಿಗಿಂತ ಪಾರಿವಾಳವೇ ಜಾಸ್ತಿ, ಆಮೇಲೆ ನೀವೇ ಬಲೆ ಕಟ್ಟಿಸಬೇಕಾಗುತ್ತದೆ. ನೀರು ಇಡಿ. ಬಟ್ಟಲನ್ನು ದಿನಾ ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಹೊಸ ನೀರು ಹಾಕಿ. ಟ್ರೈಕೊಮೊನಾಸ್ ಒದ್ದೆಯಲ್ಲಿ ಉಳಿಯುತ್ತದೆ, ಒಣಗಿದರೆ ಸಾಯುತ್ತದೆ. ಮೈ ಉಬ್ಬಿಸಿಕೊಂಡು, ಬಾಯಲ್ಲಿ ನೀರು ಸುರಿಸುತ್ತಾ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು, ನೀರು ಎರಡನ್ನೂ ನಿಲ್ಲಿಸಿ. ಹಕ್ಕಿಗಳು ಚದುರುತ್ತವೆ, ರೋಗ ಹರಡುವುದು ಕಡಿಮೆಯಾಗುತ್ತದೆ.

ಮುಂದಿನ ಸಲ ಮಗಳ ಮನೆಗೆ ಹೋದಾಗ ಅಲ್ಲಿನ ಹಿಂದೂಗಳ ಪವಿತ್ರ ಕೆರೆ ಗಂಗಾ ತಲಾಬಿಗೂ ಹೋಗುತ್ತೀರಿ, ನಮ್ಮವರು ಹೋಗದೆ ಬರುವುದಿಲ್ಲ. ದೇವರಿಗೆ ಇಟ್ಟ ಬಾಳೆಹಣ್ಣನ್ನು ಅಲ್ಲಿನ ಕೋತಿಗಳಿಗೆ ಕೊಡಬೇಡಿ. ಗುಲಾಬಿ ಪಾರಿವಾಳ ಗೂಡು ಕಟ್ಟುವ ಪೆಟ್ರಿನ್ ಕಾಡು ಅಲ್ಲಿಂದ ಸ್ವಲ್ಪವೇ ದೂರ. ನಮ್ಮ ಹಣ್ಣು ತಿಂದು ಸಂಖ್ಯೆ ಹೆಚ್ಚಿದ ಕೋತಿಗಳೇ ಅಲ್ಲಿನ ಮೊಟ್ಟೆಯನ್ನೂ ತಿನ್ನುತ್ತವೆ. ಕಾಡಿಗೆ ಅಥವಾ ದ್ವೀಪಕ್ಕೆ ಹೋಗುವ ಮುಂಚೆ ಶೂ ಅಡಿಯ ಮಣ್ಣು, ಚೀಲದ ಮೂಲೆಯ ಬೀಜ ತೆಗೆದುಬಿಡಿ. ಮತ್ತೆ ಆ ಪಾರಿವಾಳ ಕಂಡರೆ ಎರಡು ಕಾಲೂ ಕಾಣುವ ಹಾಗೆ ಫೋಟೋ ತೆಗೆದು ಗೈಡ್‌ಗೆ ತೋರಿಸಿ. ಬಳೆಯ ಬಣ್ಣ ನೋಡಿ ಅದು ಯಾರ ಮಗಳು ಅಂತ ಹುಡುಕಿ ಹೇಳಬಲ್ಲವರು ಅಲ್ಲಿದ್ದಾರೆ.